ಕೇಳುವ ವಿದ್ಯೆ



ನಮ್ಮ ಭಾಷೆಯಲ್ಲಿ 'ಕೇಳು' ಎಂಬ ಒಂದೇ ಧಾತುವು ಮೂರು ಕೆಲಸಗಳನ್ನು ಮಾಡುತ್ತದೆ. ಬಾನುಲಿಯ ಮುಂದೆ ಕುಳಿತವರು ಭಾಷಣವನ್ನು ಕೇಳುತ್ತಾರೆ. ತರಗತಿಯಲ್ಲಿ ಹುಡುಗನು ಎದ್ದು ನಿಂತು ಸಂದೇಹವನ್ನು ಕೇಳುತ್ತಾನೆ. ರಾತ್ರಿಯ ಹೊತ್ತು ಪಕ್ಕದ ಮನೆಯಾಕೆ ಹೆಪ್ಪಿಗೆಂದು ಒಂದು ಚಮಚ ಮಜ್ಜಿಗೆಯನ್ನು ಕೇಳುತ್ತಾರೆ. ಶ್ರವಣ, ಪ್ರಶ್ನೆ, ಯಾಚನೆ ಈ ಮೂರನ್ನೂ ಒಂದೇ ಮಾತಿನೊಳಗೆ ಅಡಗಿಸಿಟ್ಟ ಹಿರಿಯರು ಎಷ್ಟು ಬಲ್ಲವರಾಗಿದ್ದರೆಂಬುದು ನನಗೆ ಅರಿವಾದದ್ದು ಅರುವತ್ತು ದಾಟಿದ ಮೇಲೆ, ಅದೂ ಒಂದು ಹಳೆಯ ಲ್ಯಾಪ್‌ಟಾಪಿನ ದೆಸೆಯಿಂದ.

ನಾನು ಮೂವತ್ತನಾಲ್ಕು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರವನ್ನು ಬೋಧಿಸಿದವನು. ಪ್ರಶ್ನೆಪತ್ರಿಕೆಗಳನ್ನು ಸಿದ್ಧಪಡಿಸುವುದರಲ್ಲಿ ನನಗೆ ಸ್ವಲ್ಪ ಹೆಸರೂ ಇದ್ದಿತು. ಇಂಥವನಿಗೆ ಪ್ರಶ್ನೆ ಕೇಳಲು ಬಾರದೆಂಬ ಸಂಗತಿಯನ್ನು, ನಿವೃತ್ತನಾಗಿ ಬನಶಂಕರಿ ಎರಡನೆಯ ಹಂತದ ಮನೆಯಲ್ಲಿ ಪತ್ರಿಕೆ ಓದಿಕೊಂಡು ನಿಶ್ಚಿಂತನಾಗಿದ್ದ ಕಾಲದಲ್ಲಿ, ಬಿ.ಟಿ.ಎಂ. ಬಡಾವಣೆಯ ತರುಣನೊಬ್ಬನು ಬಹಳ ವಿನಯದಿಂದ ನನಗೆ ಮನಗಾಣಿಸಿದನು. ಆ ಕಥೆಯನ್ನೂ ಅದರಿಂದ ನಾನು ಕಲಿತುದನ್ನೂ ಈ ಹೊತ್ತು ತಮ್ಮ ಮುಂದೆ ಇಡತಕ್ಕವನಾಗಿದ್ದೇನೆ.

ವಿಂಡೋಸ್ 10 ಎಂಬ ವ್ಯವಸ್ಥೆಗೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲದ ಅವಧಿಯು 2025ರ ಅಕ್ಟೋಬರ್ 14ಕ್ಕೆ ಮುಗಿಯಿತಷ್ಟೆ. ನನ್ನ ಲ್ಯಾಪ್‌ಟಾಪು ಅದರ ಮುಂದಿನ ಆವೃತ್ತಿಯನ್ನು ಹೊರಲಾರದಷ್ಟು ಮುದಿಯಾಗಿತ್ತು. ಎಸೆಯಲು ಮನಸ್ಸು ಬಾರದಷ್ಟು ಗಟ್ಟಿಯಾಗಿಯೂ ಇತ್ತು. ಹಳೆಯ ಶಿಷ್ಯನೊಬ್ಬನು ಒಂದು ಪೆನ್‌ಡ್ರೈವನ್ನು ತಂದುಕೊಟ್ಟು, ಇದರಲ್ಲಿ ಲಿನಕ್ಸ್ ಇದೆ, ಮೊದಲು ಇದರಿಂದಲೇ ನಡೆಸಿ ನೋಡಿ, ಹಿಡಿಸಿದರೆ ಒಳಗೆ ಹಾಕಿಕೊಳ್ಳಿ ಎಂದು ಹೇಳಿಹೋದನು. ಮೊಮ್ಮಗಳ ಪಾಠದ ನಿಮಿತ್ತ ವಿಂಡೋಸನ್ನು ಅದರ ಪಾಡಿಗೆ ಬಿಟ್ಟು, ಉಳಿದ ಜಾಗದಲ್ಲಿ ಲಿನಕ್ಸನ್ನು ಸ್ಥಾಪಿಸಿದೆನು. ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದಂತಾಯಿತು.

ಲಿನಕ್ಸ್ ಎಂಬುದು ಗಣಕದ ಯಂತ್ರಭಾಗಗಳಿಗೂ ನಾವು ಅದರಿಂದ ಪಡೆಯುವ ಕೆಲಸಗಳಿಗೂ ನಡುವೆ ನಿಂತು ಎಲ್ಲವನ್ನೂ ನಡೆಸತಕ್ಕ ವ್ಯವಸ್ಥೆ. ಅದನ್ನು ಯಾರು ಬೇಕಾದರೂ ಪಡೆಯಬಹುದು, ಒಳಗು ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ನಮ್ಮಂಥ ಮನೆಬಳಕೆಯವರು ಅದನ್ನು ಕೊಂಡುಕೊಳ್ಳುವುದಿಲ್ಲವಾದುದರಿಂದ, ಕೆಟ್ಟಾಗ ಹೋಗಿ ದೂರುವುದಕ್ಕೆ ಅಂಗಡಿಯೆಂಬುದೂ ಇರುವುದಿಲ್ಲ. ಇರುವುದು ಬಳಸುವವರ ಬಳಗ ಮಾತ್ರ. ಹಗಲೆಲ್ಲ ತಮ್ಮ ತಮ್ಮ ಉದ್ಯೋಗಗಳಲ್ಲಿ ದುಡಿದು, ರಾತ್ರಿ ಊಟವಾದ ಮೇಲೆ ಅಪರಿಚಿತರ ತೊಡಕುಗಳನ್ನು ಓದಿ ಉತ್ತರ ಬರೆಯುವ ಜನ. ಇಂಥ ಬಳಗಕ್ಕೆ ನಾನೂ ಒಂದು ದಿನ ಅರ್ಜಿ ಬರೆಯಬೇಕಾಯಿತು.

ತೊಡಕು ಗಡಿಯಾರದ್ದು. ರಾತ್ರಿ ಲಿನಕ್ಸಿನಲ್ಲಿ ಕೆಲಸ ಮಾಡಿ ಮುಚ್ಚಿಟ್ಟ ಯಂತ್ರವನ್ನು ಬೆಳಗ್ಗೆ ಹತ್ತು ಗಂಟೆಗೆ ಮೊಮ್ಮಗಳು ವಿಂಡೋಸಿನಲ್ಲಿ ತೆರೆದರೆ, ಅದು ನಸುಕಿನ ನಾಲ್ಕೂವರೆಯೆಂದು ತೋರಿಸಿತು. ಕೈಯಿಂದ ತಿದ್ದಿ ಸರಿಪಡಿಸಿ ನಾನು ಮತ್ತೆ ಲಿನಕ್ಸಿಗೆ ಬಂದರೆ, ಹತ್ತು ಗಂಟೆಯ ಹೊತ್ತು ಮಧ್ಯಾಹ್ನದ ಮೂರೂವರೆಯಾಗಿ ಕುಳಿತಿತ್ತು. ಯಂತ್ರದೊಳಗೆ ನಾಣ್ಯದಾಕಾರದ ಸೆಲ್ಲೊಂದಿದ್ದು, ವಿದ್ಯುತ್ತಿಲ್ಲದಾಗಲೂ ಗಡಿಯಾರವನ್ನು ನಡೆಸುವುದು ಅದೇ ಎಂಬುದನ್ನು ಬಲ್ಲ ನಾನು, ಜಯನಗರ ನಾಲ್ಕನೆಯ ಬ್ಲಾಕಿಗೆ ಹೋಗಿ ಅದನ್ನು ಬದಲಾಯಿಸಿಕೊಂಡು ಬಂದೆನು. ರೋಗವು ಸ್ವಲ್ಪವೂ ಕದಲಲಿಲ್ಲ. ಆಗ ಬಳಗಕ್ಕೆ ಹೀಗೆ ಬರೆದೆನು: "ಮಾನ್ಯರೆ, ನನ್ನ ಗಣಕಯಂತ್ರದ ಗಡಿಯಾರವು ಕೆಟ್ಟಿದೆ. ಏನು ಮಾಡಿದರೂ ಸರಿಹೋಗುತ್ತಿಲ್ಲ. ಶೀಘ್ರವಾಗಿ ಪರಿಹಾರ ಸೂಚಿಸಬೇಕಾಗಿ ಪ್ರಾರ್ಥನೆ."

ವ್ಯಾಕರಣದೋಷವೊಂದೂ ಇಲ್ಲದ ಈ ಅರ್ಜಿಗೆ ಎರಡು ದಿನ ಯಾರೂ ಉತ್ತರಿಸಲಿಲ್ಲ. ಮೂರನೆಯ ದಿನ ಮೇಲೆ ಹೇಳಿದ ತರುಣನು ಬರೆದನು: "ಸಾರ್, ಎಷ್ಟು ಹೊತ್ತು ತಪ್ಪು ತೋರಿಸ್ತಿದೆ? ಪ್ರತಿ ಸಲವೂ ಅಷ್ಟೇನಾ? ಯಾವುದರಿಂದ ಯಾವುದಕ್ಕೆ ಹೋದಾಗ ಹಿಂದೆ ಬೀಳುತ್ತೆ, ಯಾವಾಗ ಮುಂದೆ ಓಡುತ್ತೆ?" ನಾನು ಅಲ್ಲಿಯವರೆಗೆ ಅದನ್ನು ಅಳೆದೇ ಇರಲಿಲ್ಲ. ಒಂದು ಹಾಳೆಯ ಮೇಲೆ ಎರಡು ಕಂಬಸಾಲು ಎಳೆದು, ನಾಲ್ಕು ಸಲ ಅದಲುಬದಲು ಮಾಡಿ, ಗೋಡೆಯ ಗಡಿಯಾರದ ವೇಳೆಯನ್ನೂ ಯಂತ್ರದ ವೇಳೆಯನ್ನೂ ಬರೆದುಕೊಂಡೆನು. ನಾಲ್ಕು ಸಲವೂ ಅಂತರ ಐದೂವರೆ ಗಂಟೆ; ಒಂದು ನಿಮಿಷ ಹೆಚ್ಚಿಲ್ಲ, ಒಂದು ನಿಮಿಷ ಕಡಮೆಯಿಲ್ಲ. ಅದನ್ನು ತಿಳಿಸಿದೊಡನೆ ಮರುಪ್ರಶ್ನೆ ಬಂದಿತು: "ಐದೂವರೆ ಗಂಟೆ ಅಂದ್ರೆ ಏನು ನೆನಪಾಗುತ್ತೆ ಸಾರ್?"

ಎಂಬತ್ತೆರಡೂವರೆ ಡಿಗ್ರಿ ಪೂರ್ವ ರೇಖಾಂಶವನ್ನು ಕಪ್ಪುಹಲಗೆಯ ಮೇಲೆ ಎಳೆದು, ಗ್ರೀನಿಚ್ಚಿಗಿಂತ ನಮ್ಮ ವೇಳೆ ಐದೂವರೆ ಗಂಟೆ ಮುಂದೆಂದು ವರ್ಷವರ್ಷವೂ ಹೇಳಿಕೊಟ್ಟವನ ಮುಖವು ಆ ಕ್ಷಣದಲ್ಲಿ ಹೇಗಿದ್ದಿರಬೇಕೆಂಬುದನ್ನು ಬಾನುಲಿಯು ತಮಗೆ ತೋರಿಸಲಾರದು, ಅದೊಂದು ಉಪಕಾರ. ಗಡಿಯಾರವು ಕೆಟ್ಟೇ ಇರಲಿಲ್ಲ. ಯಂತ್ರದೊಳಗಿನ ಗಡಿಯಾರದಲ್ಲಿ ಲಿನಕ್ಸ್ ಸಾಮಾನ್ಯವಾಗಿ ಗ್ರೀನಿಚ್ಚಿನ ಲೆಕ್ಕದ ಸಾರ್ವತ್ರಿಕ ವೇಳೆಯನ್ನಿಟ್ಟು, ತೋರಿಸುವಾಗ ಐದೂವರೆ ಗಂಟೆಯನ್ನು ಕೂಡಿಸಿಕೊಳ್ಳುತ್ತದೆ. ವಿಂಡೋಸ್ ಅದರಲ್ಲಿ ನೇರವಾಗಿ ಊರಿನ ವೇಳೆಯನ್ನೇ ಇಡುತ್ತದೆ. ಒಬ್ಬರು ಬರೆದಿಟ್ಟುದನ್ನು ಇನ್ನೊಬ್ಬರು ತಮ್ಮ ರೂಢಿಯಂತೆ ಓದಿಕೊಳ್ಳುತ್ತಿದ್ದರು, ಅಷ್ಟೆ. 'ಟೈಮ್‌ಡೇಟ್‌ಸಿಟಿಎಲ್' ಎಂಬ ಒಂದೇ ಸಾಲಿನ ಕಮಾಂಡಿನಿಂದ ಲಿನಕ್ಸಿಗೂ ಊರಿನ ವೇಳೆಯನ್ನೇ ಪಾಲಿಸುವಂತೆ ಹೇಳಬಹುದೆಂದು ತರುಣನು ತಿಳಿಸಿದನು. ಹಾಗೆ ಮಾಡುವುದು ಶಾಸ್ತ್ರಸಮ್ಮತವಲ್ಲ, ವಿಂಡೋಸಿಗೇ ಸಾರ್ವತ್ರಿಕ ವೇಳೆಯನ್ನು ಕಲಿಸುವುದು ಲೇಸು ಎಂದು ಬಳಗದ ಇನ್ನೊಬ್ಬರು ಆಕ್ಷೇಪಿಸಿದರು. ಬೇಸಗೆಗೊಮ್ಮೆ ಚಳಿಗಾಲಕ್ಕೊಮ್ಮೆ ಗಡಿಯಾರವನ್ನು ಹಿಂದುಮುಂದು ಮಾಡುವ ದೇಶಗಳಲ್ಲಿ ಆ ಆಕ್ಷೇಪವು ಬಲವಾದದ್ದು. ನಮ್ಮ ದೇಶದಲ್ಲಿ ಆ ಪದ್ಧತಿಯಿಲ್ಲದ ಕಾರಣ ಬನಶಂಕರಿಯ ನಿವೃತ್ತ ಮೇಷ್ಟ್ರಿಗೆ ಅದರಿಂದ ಹೆಚ್ಚಿನ ಬಾಧಕವಿಲ್ಲ ಎಂಬುದಾಗಿ ಮೂರನೆಯವರು ತೀರ್ಪಿತ್ತರು. ಬೇರೊಂದು ದೇಶಕ್ಕೆ ಸಲ್ಲುವ ಸಲಹೆಯನ್ನು ನಮ್ಮ ಊರಿನ ತಕ್ಕಡಿಯಲ್ಲಿ ತೂಗಿ ಸ್ವೀಕರಿಸಬೇಕೆಂಬ ವಿವೇಕವನ್ನೂ ಹೀಗೆ ಪುಕ್ಕಟೆಯಾಗಿ ಪಡೆದೆನು.

ಈ ಪ್ರಸಂಗವನ್ನು ಮನಸ್ಸಿನಲ್ಲಿ ಮಥಿಸುತ್ತಿದ್ದಾಗ ನನಗೆ ನೆನಪಾದದ್ದು ಆಯುರ್ವೇದದ ತ್ರಿವಿಧ ಪರೀಕ್ಷೆ. ವೈದ್ಯನು ರೋಗಿಯನ್ನು ಮೂರು ಬಗೆಯಿಂದ ಅರಿಯಬೇಕು: ದರ್ಶನದಿಂದ, ಸ್ಪರ್ಶನದಿಂದ, ಪ್ರಶ್ನದಿಂದ. ದೂರದಲ್ಲಿ ಕುಳಿತು ನಮ್ಮ ಯಂತ್ರಕ್ಕೆ ಚಿಕಿತ್ಸೆ ಹೇಳುವ ಗೆಳೆಯನಿಗೆ ದರ್ಶನವಿಲ್ಲ, ಸ್ಪರ್ಶನವಿಲ್ಲ, ಉಳಿದಿರುವುದು ಪ್ರಶ್ನವೊಂದೇ. ಪರದೆಯ ಮೇಲೆ ಮೂಡಿದ ಅಕ್ಷರವನ್ನು ಅವನು ಕಾಣನು, ಪಂಖ ಬಿಸಿಯೇರಿ ಗುಂಯ್‌ಗುಡುವುದು ಅವನಿಗೆ ಕೇಳಿಸದು. ಹೀಗಿರುವಲ್ಲಿ, ಕಳೆದುಹೋದ ಆ ಎರಡು ಅಂಗಗಳ ಭಾರವನ್ನು ನಮ್ಮ ಮಾತೇ ಹೊರಬೇಕಾಗುತ್ತದೆ. ಯಂತ್ರ ಯಾವುದು, ಅದರಲ್ಲಿರುವ ಲಿನಕ್ಸಿನ ಹೆಸರೇನು ಆವೃತ್ತಿಯೆಷ್ಟು, ಏನನ್ನು ಮಾಡಲು ಹೊರಟಿದ್ದೆವು, ಅದರ ಬದಲು ಏನಾಯಿತು, ಯಂತ್ರವು ಕೊಟ್ಟ ಎಚ್ಚರಿಕೆಯ ಸಾಲು ಅಕ್ಷರಶಃ ಹೇಗಿತ್ತು, ನಿನ್ನೆ ಸರಿಯಿದ್ದುದು ಇಂದು ಕೆಟ್ಟಿದ್ದರೆ ನಡುವೆ ಏನು ಬದಲಾಯಿತು, ಈಗಾಗಲೆ ನಾವು ಯಾವ ಯಾವ ಔಷಧವನ್ನು ಮಾಡಿ ಸೋತಿದ್ದೇವೆ ಎಂಬಷ್ಟನ್ನು ತೆರೆದು ಹೇಳಿದವನು ಅರ್ಧ ದಾರಿಯನ್ನು ತಾನೇ ನಡೆದಿರುತ್ತಾನೆ. ಎಷ್ಟೋ ಸಲ ಇಷ್ಟನ್ನು ಕ್ರಮವಾಗಿ ಬರೆಯುತ್ತಿರುವಾಗಲೇ ಉತ್ತರವು ಹೊಳೆದು, ಪತ್ರವನ್ನು ಕಳುಹಿಸುವ ಅಗತ್ಯವೇ ಬೀಳುವುದಿಲ್ಲ.

ವಿಚಾರ ಮಾಡಿದರೆ ಲಿನಕ್ಸಿನ ಜನ್ಮವೃತ್ತಾಂತವೂ ಒಂದು ಕೇಳಿಕೆಯಿಂದಲೇ ಮೊದಲಾಗುತ್ತದೆ. 1991ರ ಜುಲೈ 3ರಂದು, ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಇಪ್ಪತ್ತೊಂದರ ಹರೆಯದ ಲೀನಸ್ ಟೋರ್ವಾಲ್ಡ್ಸನು, ಮಿನಿಕ್ಸ್ ಎಂಬ ಚಿಕ್ಕ ವ್ಯವಸ್ಥೆಯನ್ನು ಬಳಸುವವರ ಮಂಡಲಿಗೆ ಬರೆದು, ಪಾಸಿಕ್ಸ್ ಎಂಬ ಮಾನಕದ ನಿಯಮಾವಳಿಯು ಎಲ್ಲಿ ದೊರೆಯುತ್ತದೆಂದು ಕೇಳಿದನು. ಆಗಸ್ಟ್ 25ರಂದು ಅದೇ ಮಂಡಲಿಗೆ ಮತ್ತೆ ಬರೆದು, ತಾನೊಂದು ವ್ಯವಸ್ಥೆಯನ್ನು ಬರಿಯ ಹವ್ಯಾಸಕ್ಕೆಂದು ರಚಿಸುತ್ತಿರುವುದಾಗಿಯೂ, ಮಿನಿಕ್ಸಿನಲ್ಲಿ ಅವರಿಗೆ ಹಿಡಿಸಿದುದೇನು ಹಿಡಿಸದುದೇನು ಎಂಬುದನ್ನು ತಿಳಿಸಬೇಕಾಗಿಯೂ ಬಿನ್ನವಿಸಿದನು. ಮರುವರ್ಷ ಅದನ್ನು ರಿಚರ್ಡ್ ಸ್ಟಾಲ್ಮನ್ನರ ಗ್ನೂ ಪರವಾನಗಿಯ ಅಡಿಯಲ್ಲಿ ಹೊರತಂದುದರಿಂದ, ಕೇಳಿ ಪಡೆದವರೆಲ್ಲರೂ ಹಂಚುವವರೂ ಆಗಲು ಅವಕಾಶವಾಯಿತು.

ನಮ್ಮ ಬೆಂಗಳೂರಿಗೆ ಈ ವಿದ್ಯೆ ಬಂದ ಬಗೆಯನ್ನೂ ಸ್ವಲ್ಪ ಹೇಳಬೇಕು. ಸಾಮಾನ್ಯರಿಗೆ ಇಂಟರ್ನೆಟ್ಟು ಈ ದೇಶದಲ್ಲಿ ದೊರಕಲಾರಂಭಿಸಿದ್ದು 1995ರ ಆಗಸ್ಟ್ 15ರಿಂದ. ಅದೂ ಟೆಲಿಫೋನಿನ ತಂತಿಯಲ್ಲಿ ತೆವಳಿಕೊಂಡು ಬರುವಂಥದು. ಅಂಥ ತಂತಿಯಲ್ಲಿ ಒಂದು ಲಿನಕ್ಸನ್ನು ಇಳಿಸಿಕೊಳ್ಳುವುದೆಂದರೆ ಹುಡುಗಾಟವಲ್ಲ. ಆದುದರಿಂದ 1996ರಲ್ಲಿ 'ಪಿಸಿ ಕ್ವೆಸ್ಟ್' ಪತ್ರಿಕೆಯು ಲಿನಕ್ಸನ್ನು ಸಿ.ಡಿ.ಯಲ್ಲಿ ತುಂಬಿ ಸಂಚಿಕೆಯ ಸಂಗಡ ಹಂಚಿದ್ದು ಬಹು ದೊಡ್ಡ ಉಪಕಾರವಾಯಿತು. ಆ ಪ್ರಯತ್ನದ ಹಿಂದಿದ್ದವರು ಬೆಂಗಳೂರಿನಲ್ಲಿ ನೆಲೆಸಿದ್ದ ಅತುಲ್ ಚಿಟ್ನಿಸರು. ಸಿ.ಡಿ. ಕೈಗೆ ಬಂದಿತು, ಹಾಕಿಕೊಳ್ಳುವುದು ಹೇಗೆಂಬುದು ತಿಳಿಯಬೇಡವೆ? ಬೆಂಗಳೂರಿನ ಲಿನಕ್ಸ್ ಬಳಕೆದಾರರ ಬಳಗವು ಆ ಕೊರತೆಯನ್ನು ತುಂಬಿತು. ಒಬ್ಬರ ತೊಡಕಿಗೆ ಇನ್ನೊಬ್ಬರು ಮೊಳಕಾಲೂರಿ ಕುಳಿತು ಉತ್ತರ ಹುಡುಕಿದ ಇಂಥ ಕೂಟಗಳೇ ಬಲಿತು, 2001ರಲ್ಲಿ 'ಲಿನಕ್ಸ್ ಬೆಂಗಳೂರು' ಎಂಬ ಸಮ್ಮೇಳನವಾಗಿ, 2005ರಲ್ಲಿ 'ಫಾಸ್ ಡಾಟ್ ಇನ್' ಎಂದು ಹೆಸರು ಬದಲಿಸಿಕೊಂಡವು. ಅದರ ಕಡೆಯ ಸಮಾವೇಶವು 2012ರಲ್ಲಿ, ಜಯನಗರಕ್ಕೆ ಕೂಗಳತೆಯಲ್ಲಿರುವ ನಿಮ್ಹಾನ್ಸಿನ ಸಭಾಭವನದಲ್ಲಿ ಜರುಗಿತು. ಮರುವರ್ಷ ಚಿಟ್ನಿಸರು ತೀರಿಕೊಂಡರು.

ಬಳಗವೆಂದ ಮೇಲೆ ಎಲ್ಲವೂ ಸೌಜನ್ಯವೇ ಎಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಹೊಸಬನು ಕೇಳಿದ ಸಣ್ಣ ಪ್ರಶ್ನೆಗೆ, ಮೊದಲು ಕೈಪಿಡಿಯನ್ನು ಓದಿಕೊಂಡು ಬಾ ಎಂದು ಗದರುವ ಹಿರಿಯರು ಲಿನಕ್ಸಿನ ಲೋಕದಲ್ಲಿ ಮೊದಲಿನಿಂದಲೂ ಉಂಟು. ಈ ಲೋಕದ ಹಿರಿಯರಲ್ಲೊಬ್ಬರಾದ ಎರಿಕ್ ರೇಮಂಡರು 2001ರಲ್ಲಿ ಪ್ರಶ್ನೆ ಕೇಳುವ ಕ್ರಮವನ್ನೇ ಕುರಿತು ಒಂದು ಪ್ರಬಂಧವನ್ನು ಬರೆದರು; ಅದರೊಳಗಿನ ಉಪದೇಶ ಹಿತವಾದುದೇ, ದನಿ ಮಾತ್ರ ತುಸು ಒರಟು. ಒಂದೇ ಪ್ರಶ್ನೆಯನ್ನು ನೂರನೆಯ ಸಲ ಓದುವವನ ಬೇಸರವನ್ನು ಮೇಷ್ಟ್ರಾದ ನಾನು ಅರಿಯದವನಲ್ಲ. ಆದರೆ ಪ್ರಶ್ನೆಯು ನೂರನೆಯದಾದರೂ ಕೇಳುವವನು ಮೊದಲನೆಯವನೇ. ಪ್ರತಿ ಜೂನ್ ತಿಂಗಳಲ್ಲಿಯೂ ನ್ಯೂಟನ್ನನ ಮೊದಲನೆಯ ನಿಯಮವನ್ನು ಹೊಸದೆಂಬಂತೆ ಹೇಳಲಾರದವನು ಆ ವೃತ್ತಿಗೆ ಬರಬಾರದು.

ಕೇಳುವವನಿಗೆ ಎಚ್ಚರವೂ ಅವಶ್ಯ. ಯಾರೋ ಬರೆದ ಕಮಾಂಡನ್ನು ಕಣ್ಣುಮುಚ್ಚಿ ಟರ್ಮಿನಲ್ ಎಂಬ ಆಜ್ಞಾಪರದೆಗೆ ಅಂಟಿಸಿ ಎಂಟರ್ ಒತ್ತುವುದು, ಸೀಸೆಯ ಮೇಲಿನ ಚೀಟಿಯನ್ನು ಓದದೆ ಔಷಧ ಕುಡಿದಂತೆ. ಸಾಲಿನ ಮೊದಲಲ್ಲಿ 'ಸೂಡೊ' ಎಂಬ ಪದವಿದ್ದರೆ, ನಾವು ಯಂತ್ರದ ಒಡೆತನದ ಮುದ್ರೆಯುಂಗುರವನ್ನೇ ಆ ಸಾಲಿನ ಕೈಗೆ ಕೊಡುತ್ತಿದ್ದೇವೆಂದು ತಿಳಿಯತಕ್ಕದ್ದು. ಎರಡೇ ಅಕ್ಷರದ 'ಆರ್‌ಎಂ' ಎಂಬ ಕಮಾಂಡು ಅಳಿಸಿದ್ದನ್ನು ಸಾಮಾನ್ಯರು ಮರಳಿ ಪಡೆಯುವುದು ದುಸ್ತರ. ಅದನ್ನು ಔಷಧವೆಂದು ನಂಬಿಸಿ ಹೊಸಬರಿಗೆ ಕೊಡುವ ಕ್ರೂರ ಪರಿಹಾಸವೂ ಹಿಂದಿನಿಂದ ನಡೆದುಬಂದಿದೆ. ಬೆಲೆಯುಳ್ಳ ಕಡತಗಳ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಟ್ಟಲ್ಲದೆ ಯಾವ ಪ್ರಯೋಗಕ್ಕೂ ಕೈಹಾಕಬಾರದು. ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡಬೇಕು. ಮಾಡಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು. ಇವು ಪ್ರಯೋಗಶಾಲೆಯಲ್ಲಿ ನಾವು ಹುಡುಗರಿಗೆ ಹೇಳುತ್ತಿದ್ದ ಮಾತುಗಳೇ.

ಇನ್ನು ಕನ್ನಡದ ವಿಚಾರ. ಜೆ.ಪಿ. ನಗರದ ನನ್ನ ಗೆಳೆಯರೊಬ್ಬರು ನನ್ನ ದಾರಿಯನ್ನೇ ಹಿಡಿದು ಲಿನಕ್ಸಿಗೆ ಬಂದು, ವಾರ ಕಳೆಯುವಷ್ಟರಲ್ಲಿ ದೂರವಾಣಿ ಮಾಡಿ, "ಕನ್ನಡ ಬರ್ತಾ ಇಲ್ಲ ಕಣಯ್ಯ, ಎಲ್ಲ ಹಾಳಾಯ್ತು" ಎಂದರು. ಈ ವೇಳೆಗೆ ನಾನು ಸ್ವಲ್ಪ ಪಳಗಿದ್ದೆನಾದುದರಿಂದ, ಬಿ.ಟಿ.ಎಂ.ನ ತರುಣನಂತೆಯೇ ಗಂಭೀರವಾಗಿ ಪ್ರಶ್ನಿಸಿದೆನು. ಏಕೆಂದರೆ 'ಕನ್ನಡ ಬರುತ್ತಿಲ್ಲ' ಎಂಬ ಒಂದೇ ದೂರಿನಲ್ಲಿ ಮೂರು ಬೇರೆ ಬೇರೆ ರೋಗಗಳು ಅಡಗಿರಬಹುದು. ಅಕ್ಷರಗಳ ಜಾಗದಲ್ಲಿ ಚಿಕ್ಕ ಚಿಕ್ಕ ಚೌಕಗಳು ಕಾಣಿಸುತ್ತಿದ್ದರೆ, ಬರಹವು ಸರಿಯಾಗಿಯೇ ಇದ್ದು ತೋರಿಸುವುದಕ್ಕೆ ಬೇಕಾದ ಫಾಂಟು ಇಲ್ಲವೆಂದು ಅರ್ಥ. ಲೋಹಿತ್ ಅಥವಾ ಗುಬ್ಬಿ ಎಂಬ ಫಾಂಟನ್ನು ಹಾಕಿದರೆ ಮುಗಿಯಿತು. ಓದುವುದಕ್ಕೆ ತೊಂದರೆಯಿಲ್ಲದೆ ಬೆರಳಚ್ಚಿಸುವುದಕ್ಕೆ ಮಾತ್ರ ಆಗದಿದ್ದರೆ, ಕೀಲಿಮಣೆಯ ಏರ್ಪಾಡು ಆಗಿಲ್ಲವೆಂದು ಅರ್ಥ. ಐಬಸ್ ಎಂಬ ಬೆರಳಚ್ಚಿನ ತಂತ್ರಾಂಶದಲ್ಲಿ ಕನ್ನಡವನ್ನು ಸೇರಿಸಿಕೊಂಡು, ಕೆ.ಪಿ. ರಾವ್ ಅವರ ವಿನ್ಯಾಸವನ್ನು ಅನುಸರಿಸಿದ 'ಕೆಜಿಪಿ'ಯನ್ನು ಆರಿಸಿಕೊಳ್ಳಬೇಕು. ಚೌಕವೂ ಇಲ್ಲದೆ ಕನ್ನಡವೂ ಇಲ್ಲದೆ, ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಸಂತೆ ಚೆದುರಿದಂತೆ ಹರಡಿಕೊಂಡಿದ್ದರೆ, ಅದು ಮೂರನೆಯ ರೋಗ.

ನನ್ನ ಗೆಳೆಯರದು ಮೂರನೆಯದು. ತಮ್ಮ ತಾಯಿಯವರು ಹೇಳಿ ಬರೆಸಿದ ಹಾಡುಗಳನ್ನೂ ಅಡುಗೆಗಳನ್ನೂ ಅವರು ಬಹಳ ಹಿಂದೆ ಒಂದು ಹಳೆಯ ತಂತ್ರಾಂಶದಲ್ಲಿ ಅಚ್ಚಿಸಿಟ್ಟಿದ್ದರು. ಯೂನಿಕೋಡ್ ಎಂಬ ವಿಶ್ವಮಾನಕವು ಹುಟ್ಟಿದ 1991ರಲ್ಲಿಯೇ ಕನ್ನಡಕ್ಕೆ ಅದರಲ್ಲಿ 128 ಮನೆಗಳ ಕೇರಿಯೊಂದು ದೊರಕಿತ್ತಾದರೂ, ಅದು ನಮ್ಮ ಮೇಜುಗಳ ಮೇಲೆ ರೂಢಿಯಾಗಲು ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ಕನ್ನಡವು ಇಂಗ್ಲಿಷಿನ ಮನೆಗಳಲ್ಲಿ ಬಾಡಿಗೆಗೆ ವಾಸವಾಗಿತ್ತು. ಆ ಕಾಲದ ಫಾಂಟು ಜತೆಗಿದ್ದರೆ ಕಡತವು ಕನ್ನಡವಾಗಿ ಕಾಣುವುದು, ಇಲ್ಲದಿದ್ದರೆ ಮನೆಯ ಮೂಲ ಒಡೆಯರ ಮುಖವೇ ಹೊರಗೆ ಕಾಣುವುದು. ಹಾಳಾದದ್ದು ಏನೂ ಇಲ್ಲ, ಯೂನಿಕೋಡಿಗೆ ಮಾರ್ಪಡಿಸುವ ಪರಿವರ್ತಕದಲ್ಲಿ ಹಾಯಿಸಿದರೆ ಸಾಕು ಎಂದು ಹೇಳಿ, ಆ ಸಂಜೆಯೇ ಹೋಗಿ ಕುಳಿತು ಮಾಡಿಕೊಟ್ಟೆನು. ಪರದೆಯ ಮೇಲೆ ಮೊದಲು ಮೂಡಿದ ಪುಟವು ಮಾವಿನಕಾಯಿ ಗೊಜ್ಜಿನದು. ಗೆಳೆಯರು ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿ, "ಅಮ್ಮ ಇಂಗು ಅಂತ ಹೇಳಿದ್ದನ್ನ ನಾನು ಇಂದು ಅಂತ ಬರೆದಿದೀನಿ ನೋಡು" ಎಂದು ಅಲ್ಲಿಯೇ ತಿದ್ದಿದರು.

ಇಂಥ ತೊಡಕನ್ನು ಅವರು ಇಂಗ್ಲಿಷಿನಲ್ಲಿ ಬರೆದು ಕೇಳಬಲ್ಲವರಾಗಿರಲಿಲ್ಲ. ಕೇಳದೆ ಆ ಯಂತ್ರವನ್ನು ಮೂಲೆಗೆ ಹಾಕುತ್ತಿದ್ದರು. ತಮ್ಮ ಮಾತಿನಲ್ಲಿ ಕೇಳುವುದಕ್ಕೆ ಎಡೆಯಿರುವಲ್ಲಿ ಮಾತ್ರ ಜನ ಕೇಳುತ್ತಾರೆ. ಈ ಕಾರಣದಿಂದ, 'ಲಿನಕ್ಸಾಯಣ'ವೆಂಬ ಹೆಸರಿನಿಂದ ಲಿನಕ್ಸಿನ ಪಾಠಗಳನ್ನು ಕನ್ನಡದಲ್ಲಿ ಬರೆದ ಓಂಶಿವಪ್ರಕಾಶರನ್ನೂ, ಮುಕ್ತ ಕನ್ನಡ ಫಾಂಟುಗಳನ್ನೂ ಪರಿವರ್ತಕಗಳನ್ನೂ ರಚಿಸಿ ಹಂಚಿದ ಅವರ 'ಸಂಚಯ'ದ ಗೆಳೆಯರನ್ನೂ ಕೃತಜ್ಞತೆಯಿಂದ ನೆನೆಯುವುದು ಯುಕ್ತ. ಬನ್ನೇರುಘಟ್ಟ ರಸ್ತೆಯ ಗುರಪ್ಪನಪಾಳ್ಯದ ಬಳಿ ಸುದರ್ಶನ ಬಡಾವಣೆಯ ಕೊಳೆಗೇರಿಯಲ್ಲಿ, ಅಂಬೇಡ್ಕರರ ಹೆಸರಿನ ಸಮುದಾಯ ಗಣಕ ಕೇಂದ್ರವೊಂದನ್ನು ಮುಕ್ತ ತಂತ್ರಾಂಶದ ಕಾರ್ಯಕರ್ತರು ನಡೆಸಿ, ಅಲ್ಲಿನ ಮಕ್ಕಳಿಗೆ ಹಣ ತೆರಬೇಕಿಲ್ಲದ ಈ ತಂತ್ರಾಂಶಗಳ ಮೂಲಕವೇ ಗಣಕವನ್ನೂ ಗಿಂಪ್ ಎಂಬುದರಲ್ಲಿ ಚಿತ್ರ ಬರೆಯುವುದನ್ನೂ ಕಲಿಸಿದರೆಂಬುದನ್ನು ನೆನೆದರೆ, ಕೇಳುವ ಹಕ್ಕು ಯಾರು ಯಾರಿಗೆ ಇನ್ನೂ ತಲುಪಬೇಕಾಗಿದೆಯೆಂಬುದು ತಿಳಿಯುತ್ತದೆ.

ಕಡೆಯದಾಗಿ, ಋಣದ ಮಾತು. ನಮ್ಮ ಪೂರ್ವಿಕರು ಹೇಳಿದ ಮೂರು ಋಣಗಳಲ್ಲಿ ಋಷಿಋಣವೆಂಬುದು ತೀರುವುದು ಋಷಿಗೆ ಏನನ್ನೋ ಮರಳಿಸುವುದರಿಂದಲ್ಲ. ಕಲಿತುದನ್ನು ಮುಂದಿನವನಿಗೆ ದಾಟಿಸುವುದರಿಂದ. ಬಳಗದಲ್ಲಿ ಎಷ್ಟೋ ಮಂದಿ ಪರಿಹಾರ ದೊರಕಿದೊಡನೆ "ಸರಿಹೋಯಿತು, ವಂದನೆ" ಎಂದಷ್ಟೇ ಬರೆದು ಮಾಯವಾಗುತ್ತಾರೆ. ಹೇಗೆ ಸರಿಹೋಯಿತೆಂಬುದನ್ನು ಹೇಳದ ಆ ವಂದನೆಯು, ಅದೇ ರೋಗದಿಂದ ನರಳುತ್ತ ವರ್ಷಗಳ ಮೇಲೆ ಅಲ್ಲಿಗೆ ಬಂದವನ ಪಾಲಿಗೆ, ಬಾಗಿಲಿನ ಚಿತ್ರ ಬರೆದ ಗೋಡೆ.

ಆದಕಾರಣ ನಾನು ಗಡಿಯಾರದ ಪ್ರಸಂಗವನ್ನು, ರೋಗಲಕ್ಷಣ, ಅಳತೆ, ಕಾರಣ, ಚಿಕಿತ್ಸೆ, ಆಕ್ಷೇಪ ಎಂಬ ಕ್ರಮದಲ್ಲಿ ಹನ್ನೊಂದು ಸಾಲುಗಳಾಗಿ ಕನ್ನಡದಲ್ಲಿ ಬರೆದು ಬಳಗದ ಮುಂದಿಟ್ಟೆನು. ಸ್ವಲ್ಪ ಹೆಮ್ಮೆಯೂ ಆಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಬಿ.ಟಿ.ಎಂ.ನ ತರುಣನ ಉತ್ತರ ಬಂದಿತು: "ತುಂಬಾ ಚೆನ್ನಾಗಿದೆ ಸಾರ್. ಆದ್ರೆ ಏಳನೇ ಸಾಲಲ್ಲಿ ಹಿಂದೆ ಅನ್ನೋ ಕಡೆ ಮುಂದೆ ಅಂತ ಬಂದಿದೆ." ನೋಡಿದೆನು, ಹೌದು, ತಪ್ಪಿತ್ತು. ಮೇಜಿನ ಡ್ರಾಯರಿನಿಂದ ಹಳೆಯ ಕೆಂಪು ಶಾಯಿಯ ಪೆನ್ನನ್ನು ಹುಡುಕಿ ತೆಗೆದು, ಮೊದಲು ನನ್ನ ಪುಸ್ತಕದಲ್ಲಿ ಆ ಪದಕ್ಕೆ ಸುತ್ತು ಹಾಕಿ, ಆಮೇಲೆ ಬಳಗದಲ್ಲಿ ತಿದ್ದಿದೆನು.